ಮನೆ ಮಾರಿ ವಚನ ಉಳಿಸಿದ ವಕೀಲ: ಫ.ಗು. ಹಳಕಟ್ಟಿ ನಮಗೆ ಬಿಟ್ಟುಹೋದ ಲೆಕ್ಕ

ಆಲ್ಕೊಳ ಸರ್ಕಲ್‌ನಲ್ಲಿ ಬ್ಯಾಟು ಹೆಗಲಿಗೇರಿಸಿ ಬಸ್ಸಿಗೆ ಕಾಯುವ ಯಾವ ಹುಡುಗನನ್ನಾದರೂ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಬಗ್ಗೆ ಕೇಳಿ ನೋಡಿ. 1969, ಕಾನ್ಪುರ, ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ಆಟವನ್ನು ಕಣ್ಣಾರೆ ಕಂಡವರು ಈಗ ಎಷ್ಟು ಜನ ಉಳಿದಿದ್ದಾರೋ. ಆದರೂ ಆ ಸೊನ್ನೆಯೂ ನಮಗೆ ಗೊತ್ತು, ಆ 137 ಕೂಡ ಗೊತ್ತು. ಯಾಕೆ? ಬೌಂಡರಿ ಗೆರೆಯ ಆಚೆ ಒಬ್ಬ ಸ್ಕೋರರ್ ಪೆನ್ಸಿಲ್ ಹಿಡಿದು ಕೂತಿದ್ದ. ಅವನ ಹೆಸರು ಯಾರಿಗೂ ನೆನಪಿಲ್ಲ. ಅವನು ಬರೆದದ್ದು ಮಾತ್ರ ಉಳಿದಿದೆ.

ಆ ಪುಸ್ತಕವೇ ಕಳೆದುಹೋಗಿದ್ದರೆ? ಅಮೆರಿಕದ ಬೇಸ್‌ಬಾಲ್‌ಗೆ ಆದದ್ದು ಅದೇ. ಯಾರು ಗೆದ್ದರು, ಎಷ್ಟರಿಂದ ಗೆದ್ದರು ಅನ್ನುವುದು ಪತ್ರಿಕೆಗಳಲ್ಲಿ ಸಿಗುತ್ತಿತ್ತು. ಆದರೆ ಹಳೆಯ ಪಂದ್ಯಗಳಲ್ಲಿ ಎಸೆತದ ನಂತರ ಎಸೆತ ಏನಾಯಿತು ಅನ್ನುವ ವಿವರ ಕ್ಲಬ್ಬುಗಳ ಗೋದಾಮಿನಲ್ಲಿ, ವರದಿಗಾರರ ಡ್ರಾಯರಿನಲ್ಲಿ, ಅಭಿಮಾನಿಗಳ ಮನೆಯ ಅಟ್ಟದಲ್ಲಿ ಚದುರಿತ್ತು. 1989ರಲ್ಲಿ ಡೇವಿಡ್ ಸ್ಮಿತ್ ಎಂಬ ಜೀವಶಾಸ್ತ್ರದ ಮೇಷ್ಟ್ರು ರೆಟ್ರೋಶೀಟ್ ಅಂತ ಒಂದು ಕೆಲಸ ಶುರು ಮಾಡಿದರು. ಸಂಬಳವಿಲ್ಲದ ಸ್ವಯಂಸೇವಕರು ಹಳೆಯ ಹಾಳೆಗಳನ್ನು ಕೇಳಿ ತಂದರು, ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದರು, ಯಾರು ಬೇಕಾದರೂ ಬಳಸಲಿ ಅಂತ ಬಿಡಿಸಿಟ್ಟರು. ಈಗ ಲಕ್ಷಕ್ಕೂ ಹೆಚ್ಚು ಪಂದ್ಯಗಳ ವಿವರ ಅಲ್ಲಿದೆ.

ಇದನ್ನು ಓದಿದಾಗೆಲ್ಲ ನನಗೆ ನೆನಪಾಗುವುದು ವಿಜಯಪುರದ ಒಬ್ಬ ವಕೀಲರು. ಅವರು ಹುಡುಕಿಹೊರಟದ್ದು ಆಟದ ಲೆಕ್ಕವನ್ನಲ್ಲ. ಕನ್ನಡ ನಾಡಿನ ಒಂದು ದೊಡ್ಡ ಬಂಡಾಯದ ದಾಖಲೆಯನ್ನು. ಆದರೆ ಕೆಲಸದ ರೀತಿ ಒಂದೇ: ಯಾರೂ ಹೇಳಲಿಲ್ಲ, ಯಾರೂ ಸಂಬಳ ಕೊಡಲಿಲ್ಲ, ಮನೆಮನೆಗೆ ಹೋಗಿ ಕೇಳಿದರು, ನಕಲು ಮಾಡಿದರು, ತಾಳೆ ನೋಡಿದರು, ಅಚ್ಚು ಹಾಕಿ ಎಲ್ಲರ ಕೈಗಿಟ್ಟರು. ಅವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಇವತ್ತು ಬಸವಣ್ಣನ ಹೆಸರಿನಲ್ಲಿ ಯಾರು ಏನೇ ವಾದ ಮಾಡಲಿ, ಪರವೋ ವಿರೋಧವೋ, ಕೈಯಲ್ಲಿ ಹಿಡಿದಿರುವ ಕಾಗದ ಬಹುಪಾಲು ಇವರ ದುಡಿಮೆಯಿಂದ ಬಂದದ್ದು.

ಧಾರವಾಡದ ಹುಡುಗ, ಮುಂಬೈ ಕಾಲೇಜು

ಹಳಕಟ್ಟಿ ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪ ಮೇಷ್ಟ್ರಾಗಿದ್ದರು, ಬರೆಯುವ ಹವ್ಯಾಸವೂ ಇತ್ತು. ಆಗ ಧಾರವಾಡ, ಬೆಳಗಾವಿ, ವಿಜಯಪುರವೆಲ್ಲ ಮುಂಬೈ ಪ್ರಾಂತ್ಯದಲ್ಲಿದ್ದವು. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯ ದಬ್ಬಾಳಿಕೆ. ಕನ್ನಡ ಅಂದರೆ ಮನೆಯ ಮಾತು, ಸಂತೆಯ ಮಾತು, ಅಷ್ಟೇ. ಮೆಟ್ರಿಕ್ ಮುಗಿಸಿದ ಹುಡುಗ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದ. ಓದಿದ್ದು ವಿಜ್ಞಾನ, ಆಮೇಲೆ ಕಾನೂನು. ಗುಜರಾತಿಗಳು, ಮರಾಠಿಗರು ತಮ್ಮ ಭಾಷೆಯ ಬಗ್ಗೆ ಎದೆಯುಬ್ಬಿಸಿ ಮಾತಾಡುವುದನ್ನು ನೋಡಿ ಕನ್ನಡದ ಹುಡುಗರಿಗೆ ಒಳಗೊಳಗೇ ಉರಿದದ್ದು ಆ ಕಾಲದಲ್ಲೇ. ಮುಂದೆ ಕರ್ನಾಟಕ ಏಕೀಕರಣಕ್ಕೆ ದುಡಿದ ಹಲವರು ಆ ಉರಿಯಿಂದ ಎದ್ದವರು.

1904ರಲ್ಲಿ ಕಾನೂನು ಪದವಿ ಕೈಗೆ ಬಂತು. ಸ್ವಲ್ಪ ದಿನ ಬೆಳಗಾವಿಯಲ್ಲಿ ವಕೀಲಿಕೆ ಮಾಡಿ, ಆಮೇಲೆ ವಿಜಯಪುರದಲ್ಲಿ ನೆಲೆ ನಿಂತರು. ಕೆಲಸ ಚೆನ್ನಾಗಿ ಹತ್ತಿತು. ಹೀಗೇ ಹೋಗಿದ್ದರೆ ಊರಿನಲ್ಲಿ ದೊಡ್ಡ ಮನೆ, ಒಳ್ಳೇ ಆಸ್ತಿ, ಗೋಡೆಗೊಂದು ಪಟ, ಅಷ್ಟಕ್ಕೆ ಕತೆ ಮುಗಿಯುತ್ತಿತ್ತು.

ಹಾಗಾಗಲಿಲ್ಲ. ಓದು ಮುಗಿಯುವ ಹೊತ್ತಿನಲ್ಲೇ ಅವರು ಕೆಲವು ಓಲೆಗರಿ ಕಟ್ಟುಗಳನ್ನು ನೋಡಿದ್ದರು. ಅವುಗಳಲ್ಲಿ ಪ್ರಭುದೇವರ, ಅಂದರೆ ಅಲ್ಲಮನ ವಚನಗಳಿದ್ದವು. ಅಲ್ಲಮ ನಮ್ಮ ಜಿಲ್ಲೆಯವನು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು ಅಂತ ಪರಂಪರೆ ಹೇಳುತ್ತದೆ. ಅಕ್ಕಮಹಾದೇವಿಯ ಉಡುತಡಿಯೂ ಅದೇ ತಾಲ್ಲೂಕು. ಇವತ್ತು ಶಿವಮೊಗ್ಗದ ಹಳೇ ಜೈಲಿನ ಜಾಗದ ಮೈದಾನಕ್ಕೆ ಅಲ್ಲಮಪ್ರಭುವಿನ ಹೆಸರಿದೆ. ಆದರೆ 120 ವರ್ಷದ ಹಿಂದೆ ಅದೇ ಅಲ್ಲಮ ಏನು ಹೇಳಿದ ಅಂತ ಕೇಳಿದರೆ ಪುಸ್ತಕ ತೆಗೆದು ತೋರಿಸುವ ಸ್ಥಿತಿ ಇರಲಿಲ್ಲ. ಹರಿಹರ, ಚಾಮರಸರ ಕಾವ್ಯದಲ್ಲಿ ಅವನ ಕತೆ ಇತ್ತು. ಅವನ ಸ್ವಂತ ಮಾತು ಮಾತ್ರ ಗರಿಗಳೊಳಗೆ ಹುದುಗಿತ್ತು.

ದೇವರ ಮನೆಯಲ್ಲಿ ಬಂದಿಯಾದ ಬಂಡಾಯ

ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು. ಹಳಕಟ್ಟಿ ಬರುವವರೆಗೆ ಒಂದು ವಚನವೂ ಅಚ್ಚಾಗಿರಲಿಲ್ಲ ಅನ್ನುವುದು ತಪ್ಪು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆಲವು ಬಿಡಿ ಸಂಕಲನಗಳು ಬಂದಿದ್ದವು. ಆದರೆ ಅವು ಬೆರಳೆಣಿಕೆ. ಎಷ್ಟು ವಚನಕಾರರಿದ್ದರು, ಯಾವ ಕಾಯಕದವರು, ಹೆಂಗಸರೆಷ್ಟು ಜನ, ಯಾರು ಯಾರ ಜೊತೆ ಜಗಳವಾಡಿದರು ಅನ್ನುವ ಇಡೀ ಚಿತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದದ್ದು ನಿಮಗೆ ಗೊತ್ತು. ಚಮ್ಮಾರ, ಅಗಸ, ಅಂಬಿಗ, ಹಡಪದ, ಡೋಹರ, ಅಕ್ಕಿ ಆಯುವ ಹೆಣ್ಣು, ವೇಶ್ಯಾವೃತ್ತಿಯಲ್ಲಿದ್ದ ಹೆಣ್ಣು, ಎಲ್ಲರೂ ಅವರವರ ಮಾತಿನಲ್ಲಿ ದೇವರ ಬಗ್ಗೆ, ದುಡಿಮೆಯ ಬಗ್ಗೆ, ಜಾತಿಯ ಬಗ್ಗೆ ಮಾತಾಡಿದರು. ಆಮೇಲೆ ರಕ್ತ ಹರಿಯಿತು, ಶರಣರು ಚದುರಿದರು. ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ಹೋದರು ಅನ್ನುವುದು ಜನರ ನಂಬಿಕೆ.

ಮುಂದೆ ಸುಮಾರು 250 ವರ್ಷ ಕಳೆದ ಮೇಲೆ, ಹದಿನೈದನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರು ಈ ಗರಿಗಳನ್ನು ಮತ್ತೆ ಹುಡುಕಿ ಜೋಡಿಸಿದರು. 'ಶೂನ್ಯಸಂಪಾದನೆ' ಹುಟ್ಟಿದ್ದು ಆ ದುಡಿಮೆಯಿಂದ. ಅಂದರೆ ಹಳಕಟ್ಟಿ ಮೊದಲಿಗರಲ್ಲ. ವಚನ ನಮಗೆ ತಲುಪಿದ್ದೇ ಇಂತಹ ಅನಾಮಿಕ ನಕಲುಗಾರರ ಸರಪಳಿಯಿಂದ. ಪ್ರತಿ ಕೆಲವು ತಲೆಮಾರಿಗೊಮ್ಮೆ ಯಾರೋ ಒಬ್ಬರು ಹಳೆ ಗರಿ ನೋಡಿಕೊಂಡು ಹೊಸ ಗರಿಯ ಮೇಲೆ ಕಂಠದಿಂದ ಕೊರೆದರು. ಇಲ್ಲದಿದ್ದರೆ ಗೆದ್ದಲು ತಿನ್ನುತ್ತಿತ್ತು, ಅಷ್ಟೇ.

ಇಪ್ಪತ್ತನೇ ಶತಮಾನದ ಹೊತ್ತಿಗೆ ಈ ಕಟ್ಟುಗಳು ಮಠಗಳಲ್ಲಿ, ಮನೆತನಗಳ ದೇವರ ಕೋಣೆಯಲ್ಲಿ ಇದ್ದವು. ಹಬ್ಬಕ್ಕೊಮ್ಮೆ ಹೊರಗೆ ತೆಗೆದು, ವಿಭೂತಿ ಹಚ್ಚಿ, ಹೂವೇರಿಸಿ ಮತ್ತೆ ಒಳಗಿಡುವುದು. ಬಿಚ್ಚಿ ಓದುವವರು ಕಡಿಮೆ. ಪೂಜೆಯೇ ಸೆರೆಯಾಗುವುದು ಅಂದರೆ ಇದೇ. ಜಾತಿಯನ್ನು ಪ್ರಶ್ನಿಸಿದ ಮಾತು ಅಕ್ಷತೆಯ ಕೆಳಗೆ ಮೌನವಾಗಿ ಕೂತಿತ್ತು.

ಗರಿ ಓದುವುದೆಂದರೆ

ಹಳಕಟ್ಟಿ ಊರೂರು ತಿರುಗಿದರು. ಕೋರ್ಟಿನ ಕೆಲಸಕ್ಕೆ ಹೋದ ಊರಲ್ಲೂ ಇದೇ ವಿಚಾರಣೆ: ನಿಮ್ಮ ಮನೆಯಲ್ಲಿ ಹಳೇ ಗರಿ ಇದೆಯಾ? ಕೊಡಲು ಎಲ್ಲರೂ ಒಪ್ಪುತ್ತಿರಲಿಲ್ಲ. ಪೂಜೆಯ ವಸ್ತು, ಹೊರಗೆ ಹೋದರೆ ಮನೆಗೆ ಕೇಡು ಅನ್ನುವ ಭಯ ಒಂದು ಕಡೆ. ವಕೀಲ ಅಂದಮೇಲೆ ಆಸ್ತಿಪತ್ರ ಹುಡುಕಲು ಬಂದಿರಬೇಕು ಅನ್ನುವ ಅನುಮಾನ ಇದ್ದರೂ ಆಶ್ಚರ್ಯವಿಲ್ಲ.

ಸಿಕ್ಕಿದ ಮೇಲೂ ಸುಲಭವಲ್ಲ. ಗರಿಯ ಬರಹದಲ್ಲಿ ಪದಪದದ ನಡುವೆ ಜಾಗ ಇರಲ್ಲ. ಪೂರ್ಣವಿರಾಮ ಇರಲ್ಲ. ಅಂಚು ಮುರಿದಿರುತ್ತದೆ, ಹುಳು ತಿಂದ ತೂತು ಅಕ್ಷರದ ನಡುವೆಯೇ ಇರುತ್ತದೆ. ಕೊರೆದ ಗೆರೆ ಕಾಣಲು ಮಸಿ ಹಚ್ಚಬೇಕು. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ. ನಕಲು ಮಾಡಿದವನ ಕೈತಪ್ಪು ಯಾವುದು, ಮೂಲದ ಮಾತು ಯಾವುದು? ಹಲವು ಪ್ರತಿ ಮುಂದಿಟ್ಟುಕೊಂಡು ತೀರ್ಮಾನಿಸಬೇಕು. ಸಾಕ್ಷಿಗಳ ಹೇಳಿಕೆಯನ್ನು ಪಾಟೀಸವಾಲಿನಲ್ಲಿ ಜಾಲಾಡುವುದು ಕಲಿತ ವಕೀಲರಿಗೆ ಈ ಅಭ್ಯಾಸ ಕೈಹಿಡಿದಿರಬೇಕು.

ಇಲ್ಲಿ ಒಂದು ಸಹಾಯ ಇತ್ತು, ಅಂಕಿತ. ಬಸವಣ್ಣನದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ವಚನದ ಕೊನೆಗೆ ಬರುವ ಆ ಹೆಸರು ಸಹಿ ಇದ್ದ ಹಾಗೆ. ಅದನ್ನು ಹಿಡಿದು ಯಾವುದು ಯಾರದು ಅಂತ ವಿಂಗಡಿಸಬಹುದು. ಹೀಗೆ ವಿಂಗಡಿಸುತ್ತ ಹೋದಾಗ ಹೊಸ ಹೆಸರುಗಳು ಎದ್ದು ಬಂದವು. ಹತ್ತಾರು ಜನ ಅಂದುಕೊಂಡಿದ್ದ ವಚನಕಾರರ ಸಂಖ್ಯೆ ಇನ್ನೂರನ್ನು ದಾಟಿತು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ ಅಂತ ವಾಪಸ್ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಅಂತಹವರ ಮಾತು ಮತ್ತೆ ಸಾರ್ವಜನಿಕರ ಕಿವಿಗೆ ಬಿದ್ದದ್ದು ಹೀಗೆ.

1923: ಒಂದು ಪುಸ್ತಕ, ಎರಡು ಅಚ್ಚುಕೂಟ

ಸುಮಾರು ಇಪ್ಪತ್ತು ವರ್ಷ ಕೂಡಿಟ್ಟದ್ದನ್ನು ಅಚ್ಚು ಮಾಡಬೇಕಿತ್ತು. ಕನ್ನಡ ಅಚ್ಚಿಗೆ ಆಗ ಹೆಸರಾಗಿದ್ದದ್ದು ಮಂಗಳೂರಿನ ಬಾಸೆಲ್ ಮಿಶನ್. ಹಸ್ತಪ್ರತಿ ಅಲ್ಲಿಗೆ ಹೋಯಿತು, ಆದರೆ ವಾಪಸ್ ಬಂತು. ಅಲ್ಲಿನವರು ಓದಿ ನೋಡಿ, ತಮ್ಮ ಧರ್ಮ ಬೋಧಿಸುವ ಮಾತುಗಳೇ ಇದರಲ್ಲಿ ಇವೆಯಲ್ಲ, ಇದು ಅಚ್ಚಾದರೆ ತಮ್ಮ ಕೆಲಸಕ್ಕೆ ಅಡ್ಡಿ ಅಂದುಕೊಂಡರು ಎಂಬ ಕತೆ ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಹೇಳುತ್ತಾರೆ. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಅಚ್ಚುಕೂಟದಲ್ಲಿ 'ವಚನಶಾಸ್ತ್ರ ಸಾರ' ಬೆಳಕು ಕಂಡಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದೂ ಅದೇ ವರ್ಷ.

ಆ ಕಾಲದ ರಾಜಕೀಯ ನೆನಪಿದ್ದರೆ ಈ ಪುಸ್ತಕದ ತೂಕ ಅರ್ಥವಾಗುತ್ತದೆ. ಬ್ರಿಟಿಷರ ಜನಗಣತಿ ಪ್ರತಿ ಜಾತಿಯನ್ನೂ ಏಣಿಯ ಒಂದೊಂದು ಮೆಟ್ಟಿಲ ಮೇಲೆ ಕೂರಿಸುತ್ತಿತ್ತು. ಲಿಂಗಾಯತರಲ್ಲಿ ಓದಿದ, ಉಳ್ಳ ಜನ ತಾವು ಶೂದ್ರರಲ್ಲ ಅಂತ ಸಾಬೀತು ಮಾಡಲು ಸಂಸ್ಕೃತದ ಗ್ರಂಥಗಳನ್ನು ಮುಂದೆ ಹಿಡಿಯುತ್ತಿದ್ದರು. ಇನ್ನೊಂದು ಕಡೆ ಫ್ಲೀಟ್ ಅಂತಹ ಇಂಗ್ಲಿಷ್ ವಿದ್ವಾಂಸರು ಅಬ್ಬಲೂರಿನ ಶಾಸನ ಓದಿ, ಏಕಾಂತದ ರಾಮಯ್ಯನನ್ನು ಮುಂದೆ ತಂದು, ಬಸವಣ್ಣನ ಪಾತ್ರದ ಬಗ್ಗೆಯೇ ಅನುಮಾನ ಎತ್ತಿದ್ದರು. ಬಸವಣ್ಣನ ಹೆಸರಿರುವ ಅರ್ಜುನವಾಡದ ಶಾಸನ ಬೆಳಕಿಗೆ ಬಂದದ್ದು ಆಮೇಲೆ.

ಇಂತಹ ಹೊತ್ತಲ್ಲಿ ಹಳಕಟ್ಟಿ ಮುಂದಿಟ್ಟದ್ದು ಸಂಸ್ಕೃತದ ಶ್ಲೋಕವನ್ನಲ್ಲ, ಕನ್ನಡದಲ್ಲಿ ಚಮ್ಮಾರರು, ಅಂಬಿಗರು ಹೇಳಿದ ಮಾತನ್ನು. ನಾವು ಎಷ್ಟು ಮೇಲಿನವರು ಎಂದು ತೋರಿಸಲು ಹೊರಟ ಜನಕ್ಕೆ, ಮೇಲು ಕೀಳು ಎಂಬುದೇ ಸುಳ್ಳು ಎನ್ನುವ ದಾಖಲೆ ಸಿಕ್ಕಿತು. ಇದರ ಬಿಸಿ ಎಲ್ಲರಿಗೂ ಹಿತವಾಗಿರಲಿಕ್ಕಿಲ್ಲ. ಆದರೆ ಅಚ್ಚಾದ ಮೇಲೆ ಅದನ್ನು ಮತ್ತೆ ದೇವರ ಕೋಣೆಗೆ ತಳ್ಳಲು ಆಗಲ್ಲ.

ಮನೆ ಹೋಯಿತು, ಪತ್ರಿಕೆ ಬಂತು

ಪ್ರತಿ ಸಲ ಬೇರೆಯವರ ಬಾಗಿಲು ತಟ್ಟುವುದು ಸಾಕಾಯಿತು. 1925ರಲ್ಲಿ ಹಳಕಟ್ಟಿ ವಿಜಯಪುರದಲ್ಲಿ ಹಿತಚಿಂತಕ ಅನ್ನುವ ಅಚ್ಚುಕೂಟ ಹಾಕಿದರು. ಅದಕ್ಕೆ ವಾಸದ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುವಾಯಿತು, ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. 'ಶಿವಾನುಭವ' ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಒಂದೊಂದು ಸಂಚಿಕೆಯಲ್ಲೂ ಹೊಸದಾಗಿ ಸಿಕ್ಕ ವಚನಗಳು, ಶರಣರ ಚರಿತ್ರೆ, ಪಾಠದ ಚರ್ಚೆ. 'ಶೂನ್ಯಸಂಪಾದನೆ'ಯನ್ನು, ಹರಿಹರನ ರಗಳೆಗಳನ್ನು ಸಂಪಾದಿಸಿ ಅಚ್ಚಿಗೆ ತಂದದ್ದೂ ಇದೇ ಅವಧಿಯಲ್ಲಿ.

ಚಂದಾದಾರರು ಸಾಕಷ್ಟು ಇರಲಿಲ್ಲ. ಸಂಪಾದಕ, ಕರಡು ತಿದ್ದುವವ, ಪಾರ್ಸಲ್ ಕಟ್ಟುವವ ಎಲ್ಲ ಒಬ್ಬರೇ ಆಗಬೇಕಿತ್ತು. ವಕೀಲಿಕೆ ಹಿಂದೆ ಬಿತ್ತು, ಸಾಲ ಮುಂದೆ ಬಂತು. ಕೊನೆಗಾಲದಲ್ಲಿ ಬಾಡಿಗೆ ಮನೆ, ತೇಪೆ ಹಾಕಿದ ಕೋಟು. ಬಿ.ಎಂ. ಶ್ರೀಕಂಠಯ್ಯನವರು ವಿಜಯಪುರಕ್ಕೆ ಬಂದಾಗ ಗೋಳಗುಮ್ಮಟಕ್ಕಿಂತ ಮೊದಲು ಈ ವಚನಗುಮ್ಮಟವನ್ನು ನೋಡಬೇಕು ಅಂದರಂತೆ. ಆ ಮಾತು ಬಿರುದಾಗಿ ಉಳಿಯಿತು.

ಹಳಕಟ್ಟಿ ಬರೀ ಪುಸ್ತಕದ ಹುಳು ಆಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ವಿಜಯಪುರದಲ್ಲಿ ಇವತ್ತು ದೊಡ್ಡದಾಗಿ ಬೆಳೆದಿರುವ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ 1910ರಲ್ಲಿ ಹುಟ್ಟಿದ್ದು ಅವರ ಮುಂದಾಳತ್ವದಲ್ಲಿ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್. ಬರದ ಜಿಲ್ಲೆಯಲ್ಲಿ ರೈತನನ್ನು, ನೇಕಾರನನ್ನು ಬಡ್ಡಿಯವರ ಕೈಯಿಂದ ಬಿಡಿಸಬೇಕಾದರೆ ಸಹಕಾರ ಸಂಘವೇ ದಾರಿ ಅಂತ ನಂಬಿದ್ದರು. ಪುರಸಭೆಯಲ್ಲಿ ಕೆಲಸ ಮಾಡಿದರು, ಮುಂಬೈ ಶಾಸನಸಭೆಗೆ ಹೋದರು, ಕನ್ನಡ ಪ್ರದೇಶ ಒಂದಾಗಲಿ ಅಂತ ದನಿ ಎತ್ತಿದರು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಏಕೀಕರಣವಾದ ವರ್ಷ, 1956ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ತೀರಿಕೊಂಡರು. 84 ತುಂಬಲು ಮೂರು ದಿನ ಬಾಕಿ ಇತ್ತು.

ಪ್ರಶ್ನಿಸಬೇಕಾದದ್ದೂ ಇದೆ

ವಚನ ಪಿತಾಮಹ ಅಂತ ಕರೆದು ಹಾರ ಹಾಕಿಬಿಟ್ಟರೆ ಅವರನ್ನೂ ದೇವರ ಕೋಣೆಗೆ ತಳ್ಳಿದ ಹಾಗೆ. ಹಳಕಟ್ಟಿಯವರ ಕೆಲಸಕ್ಕೂ ಒಂದು ಓರೆ ಇತ್ತು. ಪುಸ್ತಕದ ಹೆಸರು ನೋಡಿ: 'ವಚನಶಾಸ್ತ್ರ ಸಾರ'. ಬೀದಿಯಲ್ಲಿ, ಕಾಯಕದ ನಡುವೆ, ಜಗಳದ ಬಿಸಿಯಲ್ಲಿ ಹುಟ್ಟಿದ ಮಾತುಗಳನ್ನು ಅವರು ವಿಷಯವಾರು ಜೋಡಿಸಿ ಒಂದು ಧರ್ಮದ ಶಾಸ್ತ್ರವಾಗಿ ಕಟ್ಟಿಕೊಟ್ಟರು. ಶಾಸ್ತ್ರಗಳನ್ನೇ ಬೈದವರ ಮಾತು ಶಾಸ್ತ್ರವಾಯಿತು. ಅಂಬಿಗರ ಚೌಡಯ್ಯನ ಸಿಟ್ಟು ಒಂದು ಅಧ್ಯಾಯದ ಉದಾಹರಣೆಯಾಗಿ ಕೂತರೆ ಅದರ ಕಾವು ಸ್ವಲ್ಪ ಇಳಿಯುತ್ತದೆ.

ಇನ್ನೊಂದು ಪ್ರಶ್ನೆ. ದಾಖಲೆ ಉಳಿದದ್ದು ಒಂದು ಸಮುದಾಯದ ಮಠ, ಮನೆ, ಸಂಸ್ಥೆಗಳ ಮೂಲಕ. ಹಾಗಾಗಿ ಅದರ ಒಡೆತನವೂ ಆ ಸಮುದಾಯದ ಪ್ರಬಲರ ಕೈಗೆ ಹೋದಂತೆ ಕಾಣುತ್ತದೆ. ಹರಳಯ್ಯನ, ಡೋಹರ ಕಕ್ಕಯ್ಯನ, ಮಾದಾರ ಚನ್ನಯ್ಯನ ಹೆಸರು ವೇದಿಕೆಯ ಮೇಲೆ ಮೊಳಗುತ್ತದೆ. ಅವರ ಕಸುಬಿನ ಜನಕ್ಕೆ ಅದೇ ವೇದಿಕೆಯಲ್ಲಿ ಎಷ್ಟು ಕುರ್ಚಿ ಸಿಕ್ಕಿವೆ? ಇದಕ್ಕೆ ಹಳಕಟ್ಟಿ ಒಬ್ಬರೇ ಹೊಣೆ ಅಲ್ಲ, ಬಿಡಿ. ಆದರೆ ಈ ಪ್ರಶ್ನೆ ಕೇಳಲು ಬೇಕಾದ ಸಾಕ್ಷಿಯನ್ನು ನಮ್ಮ ಕೈಗೆ ಕೊಟ್ಟವರೂ ಅವರೇ. ಅವರು ತಮಗೆ ಒಪ್ಪಿಗೆಯಾದ ವಚನಗಳನ್ನಷ್ಟೇ ಉಳಿಸಿ ಬಾಕಿ ಗರಿಗಳನ್ನು ಎಸೆದಿದ್ದರೆ ಇವತ್ತು ಅವರ ಜೋಡಣೆಯನ್ನು ವಿಮರ್ಶಿಸಲು ನಮಗೆ ಆಧಾರವೇ ಇರುತ್ತಿರಲಿಲ್ಲ.

ಸಹಿ ಬದಲಾದರೆ ಏನಾಗುತ್ತದೆ

ಹಳೇ ಗರಿ, ಪಾಠಾಂತರ, ಅಂಕಿತ, ಇದೆಲ್ಲ ಪಂಡಿತರ ವಿಷಯ ಅನ್ನಿಸಬಹುದು. ಹಾಗಲ್ಲ. 1996ರಲ್ಲಿ ಮಾತೆ ಮಹಾದೇವಿಯವರು ಹೊರತಂದ ಸಂಕಲನದಲ್ಲಿ ಬಸವಣ್ಣನ ವಚನಗಳ ಕೂಡಲಸಂಗಮದೇವ ಎಂಬ ಅಂಕಿತದ ಜಾಗದಲ್ಲಿ ಲಿಂಗದೇವ ಅಂತ ಹಾಕಿದರು. ನಾಡಿನಾದ್ಯಂತ ಗದ್ದಲ ಎದ್ದಿತು. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧ ಸರಿಯಾದ ಔಷಧ ಅಂತ ನನಗೆ ಅನ್ನಿಸಲ್ಲ. ಆದರೆ ಬದಲಾಗಿದೆ ಅಂತ ಯಾರಾದರೂ ಬೆರಳಿಟ್ಟು ತೋರಿಸಲು ಸಾಧ್ಯವಾದದ್ದು ಹೇಗೆ? ಹಳೆಯ ಪ್ರತಿ ಉಳಿದಿತ್ತು, ಅಚ್ಚಾಗಿತ್ತು, ಎಲ್ಲರ ಕೈಗೂ ಸಿಗುತ್ತಿತ್ತು. ಪೆನ್ಸಿಲ್ ಹಿಡಿದ ಸ್ಕೋರರ್ ಇದ್ದಲ್ಲಿ ರನ್ ಕದಿಯುವುದು ಕಷ್ಟ.

2022ರಲ್ಲಿ ಒಂಬತ್ತನೇ ತರಗತಿಯ ಪಠ್ಯದಲ್ಲಿ ಬಸವಣ್ಣನ ಪಾಠ ತಿದ್ದಿದಾಗಲೂ ಜನ ಮೂಲದ ಕಡೆಗೇ ಓಡಿದರು. ಲಿಂಗಾಯತ ಪ್ರತ್ಯೇಕ ಧರ್ಮವೇ ಅನ್ನುವ 2018ರ ವಾದದಲ್ಲಿ ಎರಡೂ ಕಡೆಯವರು ವಚನಗಳನ್ನೇ ಸಾಕ್ಷಿ ಕರೆದರು. 2024ರ ಜನವರಿಯಲ್ಲಿ ಬಸವಣ್ಣನನ್ನು ರಾಜ್ಯದ ಸಾಂಸ್ಕೃತಿಕ ನಾಯಕ ಅಂತ ಸರ್ಕಾರ ಘೋಷಿಸಿತು. ಭಾವಚಿತ್ರ ಎಲ್ಲ ಕಚೇರಿಗಳ ಗೋಡೆಗೂ ಬಂತು. ಗೋಡೆಗೆ ಏರಿದವರ ಮಾತು ಮತ್ತೆ ಯಾರೂ ಓದದೇ ಹೋಗುವ ಅಪಾಯ ಇದ್ದೇ ಇದೆ.

ಹಳಕಟ್ಟಿ ಹಿಡಿದ ಎಳೆ ಅವರಲ್ಲಿಗೆ ತುಂಡಾಗಲಿಲ್ಲ. ಮುಂದೆ ಸರ್ಕಾರವೇ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯ ತಂದಿತು. ಅದರ ಬೆನ್ನೆಲುಬಾಗಿ ನಿಂತವರು ಎಂ.ಎಂ. ಕಲಬುರ್ಗಿ. ದಾಖಲೆ ಹೇಳಿದ್ದನ್ನು ಹೇಳುತ್ತೇನೆ ಅಂತ ನಿಂತ ಆ ವಿದ್ವಾಂಸರನ್ನು 2015ರ ಆಗಸ್ಟ್ 30ರಂದು, ಹಳಕಟ್ಟಿ ಹುಟ್ಟಿದ ಅದೇ ಧಾರವಾಡದಲ್ಲಿ, ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ಹೊತ್ತಿಗಾಗಲೇ ಕೆಲವು ಬರಹಗಾರರು, ಸಾಫ್ಟ್‌ವೇರ್ ಬಲ್ಲ ಹುಡುಗರು ಸಂಬಳವಿಲ್ಲದೆ ಕೂತು 'ವಚನ ಸಂಚಯ' ಕಟ್ಟಿದ್ದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ನಿಮಗೆ ಬೇಕಾದ ಪದ ಹುಡುಕಿ, ಯಾರು ಎಷ್ಟು ಸಲ ಬಳಸಿದ್ದಾರೆ ಅಂತ ಮೊಬೈಲಿನಲ್ಲೇ ನೋಡಬಹುದು. ಬೇಸ್‌ಬಾಲ್ ಹುಚ್ಚಿನವರು ಹಳೇ ಪಂದ್ಯಗಳಿಗೆ ಮಾಡಿದ್ದೂ ಇದನ್ನೇ.

ನಮ್ಮ ಜಿಲ್ಲೆಯ ಗರಿಗಳು

ಹಳಕಟ್ಟಿಯವರ ಹುಟ್ಟುಹಬ್ಬವನ್ನು, ಜುಲೈ 2ನ್ನು, ಸರ್ಕಾರ ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸುತ್ತದೆ. ಕಾರ್ಯಕ್ರಮ, ಭಾಷಣ, ಉಪ್ಪಿಟ್ಟು. ತಪ್ಪಿಲ್ಲ. ಆದರೆ ಶಿವಮೊಗ್ಗದಲ್ಲಿ ಕೂತು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ.

ಇಪ್ಪತ್ತನೇ ಶತಮಾನದ ಕನ್ನಡದ ದೊಡ್ಡ ಚಳವಳಿಗಳಲ್ಲಿ ಎಷ್ಟೊಂದು ಈ ಜಿಲ್ಲೆಯ ಮಣ್ಣಿನಿಂದ ಎದ್ದವು. 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರು, ಗೇಣಿದಾರರ ಹೋರಾಟ. 1970ರ ದಶಕದಲ್ಲಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ. 1980ರಲ್ಲಿ ಹುಟ್ಟಿದ ರೈತ ಸಂಘದಲ್ಲಿ ಇಲ್ಲಿನ ಎನ್.ಡಿ. ಸುಂದರೇಶ್, ಎಚ್.ಎಸ್. ರುದ್ರಪ್ಪ. ಕಬ್ಬಿಣದ ಕಾರ್ಖಾನೆಯ, ಈಗ ಬಾಗಿಲು ಹಾಕಿರುವ ಕಾಗದ ಕಾರ್ಖಾನೆಯ ಕಾರ್ಮಿಕ ಸಂಘಗಳು. ಇವರೆಲ್ಲ ಕರಪತ್ರ ಹಂಚಿದರು, ಸಭೆಯ ನಡಾವಳಿ ಬರೆದರು, ಹಾಡು ಕಟ್ಟಿದರು, ಜೈಲಿನಿಂದ ಕಾಗದ ಬರೆದರು.

ನಾಯಕರ ಬಗ್ಗೆ ಪುಸ್ತಕಗಳು ಬಂದಿವೆ, ಸಂತೋಷ. ಆದರೆ ಆ ಹಾಳೆಗಳು? ಮೆರವಣಿಗೆಯಲ್ಲಿ ನಡೆದ ಹೆಸರಿಲ್ಲದ ಹೆಂಗಸಿನ ಮಾತು, ತಾಲ್ಲೂಕು ಶಾಖೆಯ ಲೆಕ್ಕದ ಪುಸ್ತಕ, ಗೋಡೆಗೆ ಅಂಟಿಸಿದ ಪೋಸ್ಟರು? ಅವು ಈಗ ಯಾರದೋ ಟ್ರಂಕಿನಲ್ಲಿ, ಅಟ್ಟದ ಮೇಲೆ, ಮಳೆಗಾಲದ ಥಂಡಿಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಮನೆ ಕೆಡವಿ ಹೊಸದು ಕಟ್ಟುವಾಗ ಗುಜರಿಯವನ ತಕ್ಕಡಿ ಏರುತ್ತವೆ. ಇನ್ನು ಐವತ್ತು ವರ್ಷದ ಮೇಲೆ ಆ ಹೋರಾಟ ಯಾವ ಜಾತಿಯದಾಗಿತ್ತು, ಯಾವ ಪಕ್ಷದ್ದಾಗಿತ್ತು, ಅದರಲ್ಲಿ ಹೆಂಗಸರು ಇದ್ದರೇ ಅಂತ ವಾದ ನಡೆಯುತ್ತದೆ. ಆಗ ತೆರೆದು ತೋರಿಸಲು ಹಾಳೆ ಇಲ್ಲದಿದ್ದರೆ ಗಂಟಲು ದೊಡ್ಡದಿದ್ದವನ ಮಾತೇ ಇತಿಹಾಸ.

ಈ ಕೆಲಸಕ್ಕೆ ಹಳಕಟ್ಟಿಯವರ ಹಾಗೆ ಮನೆ ಮಾರಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲೇ ಇವತ್ತಿನ ಅಚ್ಚುಕೂಟ. ಈ ಭಾನುವಾರ ನಿಮ್ಮ ಅಜ್ಜನ, ದೊಡ್ಡಪ್ಪನ, ಪಕ್ಕದ ಬೀದಿಯ ಹಳೇ ಸಂಘದ ಅಣ್ಣನ ಹತ್ತಿರ ಹೋಗಿ ಆ ಟ್ರಂಕ್ ತೆಗೆಸಿ. ಹಾಳೆಯ ಎರಡೂ ಮಗ್ಗುಲಿನ ಫೋಟೋ ತೆಗೆದುಕೊಳ್ಳಿ. ಯಾವ ವರ್ಷ, ಯಾರ ಮನೆ, ಯಾರು ಬರೆದದ್ದು ಅಂತ ಕೇಳಿ ಬರೆದಿಡಿ. ನಿಮಗೆ ಒಪ್ಪಿಗೆಯಾಗದ ಹಾಳೆಯನ್ನೂ ಬಿಡಬೇಡಿ.